ಪೆಟ್ಟಿಗೆಯ ಮೇಲಿನ ಅಂಕಿ ಮತ್ತು ಮನೆಯೊಳಗಿನ ಗೋಡೆ

ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಅಂಗಡಿಗೆ ಹೋಗಿ, ಮನೆಗೊಂದು ವೈಫೈ ಸಾಧನ ಬೇಕೆಂದು ಕೇಳಿ ನೋಡಿ. ನಿಮ್ಮ ಮುಂದಿಡುವ ಪೆಟ್ಟಿಗೆಗಳ ಮೇಲೆ ಎರಡು ಸಂಗತಿಗಳು ದಪ್ಪಕ್ಷರದಲ್ಲಿರುತ್ತವೆ. ಒಂದು, ಎಸಿ 1200 ಅಥವಾ ಎಎಕ್ಸ್ 3000 ಎಂಬಂಥ ಅಂಕಿ. ಇನ್ನೊಂದು, ಆಂಟೆನಾಗಳ ಸಂಖ್ಯೆ. ನಿಮ್ಮ ಮನೆಯ ಗೋಡೆ ಕಲ್ಲಿನದೋ ಇಟ್ಟಿಗೆಯದೋ, ಮೇಲೆ ಮಣ್ಣಿನ ಮಾಳಿಗೆಯೋ ಆರ್‌ಸಿಸಿಯೋ, ವಿದ್ಯುತ್ತು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಿಇಟಿ ಬರೆದ ಮಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಕಾಲೇಜುಗಳ ಆಯ್ಕೆ ದಾಖಲಿಸುತ್ತಿರುವಾಗ ಸಂಪರ್ಕ ಕಡಿದುಹೋದರೆ, ಕಾರಣವನ್ನು ಹುಡುಕಬೇಕಾದದ್ದು ಈ ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ.

ಮೊದಲು ಒಂದು ಸ್ಪಷ್ಟನೆ. ಆಕ್ಸೆಸ್ ಪಾಯಿಂಟ್ ಎಂದರೆ ತಂತಿಯ ಜಾಲಕ್ಕೆ ಮೊಬೈಲು, ಲ್ಯಾಪ್‌ಟಾಪುಗಳನ್ನು ಬೆಸೆಯುವ ರೇಡಿಯೊ. ಮನೆಯ ಜಾಲಕ್ಕೂ ಹೊರಗಿನ ಅಂತರಜಾಲಕ್ಕೂ ನಡುವೆ ದಾರಿ ಮಾಡಿಕೊಡುವುದು ರೂಟರ್. ನಾವು ಕೊಳ್ಳುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇವೆರಡೂ ಒಟ್ಟಿಗಿರುತ್ತವೆ.

ಈಗ 1200 ಎಂಬ ಅಂಕಿಯನ್ನು ಬಿಡಿಸೋಣ. ಅದು 2.4 ಗಿಗಾಹರ್ಟ್ಸ್ ಪಟ್ಟಿಯ 300 ಮತ್ತು 5 ಗಿಗಾಹರ್ಟ್ಸ್ ಪಟ್ಟಿಯ 867 ಮೆಗಾಬಿಟ್‌ಗಳ ಮೊತ್ತ. ಕೂಡಿದರೆ 1167, ಅದನ್ನು 1200ಕ್ಕೆ ಏರಿಸಿದ್ದಾರೆ. ನಿಮ್ಮ ಮೊಬೈಲು ಸಾಮಾನ್ಯವಾಗಿ ಒಂದು ಸಮಯದಲ್ಲಿ ಒಂದೇ ಪಟ್ಟಿಯಲ್ಲಿ ಮಾತಾಡುವುದರಿಂದ ಈ ಮೊತ್ತ ಯಾರ ಪಾಲಿಗೂ ಬರುವುದಿಲ್ಲ. ಇರುವ 867 ಕೂಡ ರೇಡಿಯೊ ಮಟ್ಟದ ಗರಿಷ್ಠ ಮಿತಿ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕಾದ ಮಾಧ್ಯಮವಿದು. ಸರದಿ ಕಾಯುವುದರಲ್ಲಿ, ತಲುಪಿತೆಂಬ ಉತ್ತರ ಕಳಿಸುವುದರಲ್ಲಿ ಅದರ ದೊಡ್ಡ ಪಾಲು ಖರ್ಚಾಗುತ್ತದೆ. ಇನ್ನೂ ತಮಾಷೆಯೆಂದರೆ, ಈ ದರ್ಜೆಯ ಅಗ್ಗದ ಎಷ್ಟೋ ಸಾಧನಗಳ ಹಿಂಬದಿಯ ತಂತಿಯ ಪೋರ್ಟು ಕೇವಲ 100 ಮೆಗಾಬಿಟ್‌ನದು. ಅಗಸೆ ಬಾಗಿಲು ಆನೆ ಹೋಗುವಷ್ಟು, ಒಳಗಿನ ಓಣಿ ಎತ್ತಿನ ಗಾಡಿಗೂ ಸಾಲದಷ್ಟು! ಒಂದು ವಿಡಿಯೊ ಪಾಠಕ್ಕೆ ಮೂರು ನಾಲ್ಕು ಮೆಗಾಬಿಟ್ ಸಾಕು. ಆದರೆ ಅಷ್ಟು ಎಡೆಬಿಡದೆ ಹರಿಯಬೇಕು. ಅದನ್ನು ಅಳೆದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದನ್ನು ನಾನು ನೋಡಿಲ್ಲ.

ಆಂಟೆನಾಗಳ ವಿಷಯಕ್ಕೆ ಬರೋಣ. '5 ಡಿಬಿಐ' ಎಂದು ಬರೆದಿದ್ದರೆ ಆಂಟೆನಾ ಶಕ್ತಿಯನ್ನು ಹುಟ್ಟಿಸುತ್ತದೆ ಎಂದಲ್ಲ. ಎಲ್ಲ ದಿಕ್ಕಿಗೂ ಹೋಗಬಹುದಾಗಿದ್ದುದನ್ನು ಚಪ್ಪಟೆಯಾಗಿ ಅದುಮಿ ಸುತ್ತಲೂ ಹರಡುತ್ತದೆ, ಅಷ್ಟೇ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಅಕ್ಕಪಕ್ಕದ ಕೋಣೆಗಳಿಗೆ ಚೆನ್ನಾಗಿ ಕೊಡುತ್ತದೆ, ನೇರ ಮೇಲಿನ ಮಹಡಿಗೆ ಕಡಿಮೆ. ಅಟ್ಟದ ಮೇಲೆ ಓದುವ ಹುಡುಗನಿದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ. ಇನ್ನು 'ಅಧಿಕ ಶಕ್ತಿ' ಎಂಬ ಜಾಹೀರಾತು. ಆಂಟೆನಾದ ಗೇನ್ ಕಳಿಸುವಾಗಲೂ ಪಡೆಯುವಾಗಲೂ ಒಂದೇ ಆಗಿರುವುದರಿಂದ ಎರಡೂ ದಿಕ್ಕಿಗೆ ನೆರವಾಗುತ್ತದೆ. ಪ್ರೇಷಕದ ಶಕ್ತಿ ಹಾಗಲ್ಲ. ಜಾತ್ರೆಯ ಧ್ವನಿವರ್ಧಕ ಹೊಲದಲ್ಲಿದ್ದವನಿಗೆ ಕೇಳಿಸುತ್ತದೆ, ಅವನ ಕೂಗು ಜಾತ್ರೆಗೆ ಕೇಳಿಸುವುದಿಲ್ಲ. ಮೊಬೈಲಿನ ಪರದೆಯಲ್ಲಿ ಗೆರೆಗಳೆಲ್ಲ ತುಂಬಿದ್ದರೂ ಪುಟ ತೆರೆಯದಿರುವುದಕ್ಕೆ ಇದೂ ಒಂದು ಕಾರಣ.

'2.4 ಬಿಡಿ, 5ಕ್ಕೆ ಹೋಗಿ' ಎಂಬ ಸಲಹೆಯನ್ನೂ ನೀವು ಓದಿರುತ್ತೀರಿ. ಭಾರತದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಅಲ್ಲಿ ಜಾಗ ಬೇಕಾದಷ್ಟಿದೆ, ನಿಜ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಒಂದೇ ಕಟ್ಟಡದಲ್ಲಿ ನಲವತ್ತು ಸಂಸಾರಗಳಿರುವ ಬೆಂಗಳೂರಿಗೆ ಈ ಸಲಹೆ ಸರಿ. ಬಸವನ ಬಾಗೇವಾಡಿಯ ಹಳೆಯ ಮನೆಗೆ, ಸಿಂದಗಿ ಕಡೆಯ ಒಂಟಿ ತೋಟದ ಮನೆಗೆ ಅದು ಹೊಂದುವುದಿಲ್ಲ. ಅಲ್ಲಿ ನೆರೆಯವರ ಗದ್ದಲಕ್ಕಿಂತ ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ ದೊಡ್ಡ ವೈರಿ.

5 ಗಿಗಾಹರ್ಟ್ಸ್ ಅಲೆ ಗಾಳಿಯಲ್ಲೇ ಬೇಗ ಕರಗುತ್ತದೆ ಎಂದು ಕೆಲವರು ವಿವರಿಸುವುದುಂಟು. ಅದು ತಪ್ಪು; ಮನೆಯಳತೆಯ ದೂರದಲ್ಲಿ ಗಾಳಿಯ ಹೀರಿಕೆ ಲೆಕ್ಕಕ್ಕೇ ಬಾರದು. ಗೇನ್ ಒಂದೇ ಆಗಿದ್ದರೆ, ಅಲೆಯನ್ನು ಹಿಡಿಯುವ ಆಂಟೆನಾದ ಪರಿಣಾಮಕಾರಿ ವಿಸ್ತೀರ್ಣ ತರಂಗಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ತರಂಗಾಂತರ 12.5 ಸೆಂ.ಮೀ.ನಿಂದ 5.5 ಸೆಂ.ಮೀ.ಗೆ ಇಳಿದಾಗ ವಿಸ್ತೀರ್ಣ ಸುಮಾರು ಐದನೆಯ ಒಂದು ಭಾಗವಾಗುತ್ತದೆ, ಅಂದರೆ 7 ಡೆಸಿಬೆಲ್ ನಷ್ಟ. ಗೋಡೆಯೊಳಗಿನ ಹೀರಿಕೆ ಇದರ ಮೇಲೆ ಬೇರೆ. ಅದೂ 5ರಲ್ಲಿ ಹೆಚ್ಚು. ಮಣ್ಣು ತೇವವಾಗಿದ್ದರೆ ಇನ್ನೂ ಹೆಚ್ಚು.

ಶಿಕ್ಷಕರು ಇದನ್ನೊಂದು ಪ್ರಯೋಗವಾಗಿ ಮಾಡಿಸಬಹುದು. ಸಂಜ್ಞೆಯ ಬಲವನ್ನು ಡಿಬಿಎಂನಲ್ಲಿ ತೋರಿಸುವ ಉಚಿತ ತಂತ್ರಾಂಶ ಮೊಬೈಲಿಗೆ ಸಿಗುತ್ತದೆ. ಗೋಡೆಯ ಈಚೆ ಒಮ್ಮೆ, ಆಚೆ ಒಮ್ಮೆ, ಎರಡೂ ಪಟ್ಟಿಗಳಲ್ಲಿ ಹತ್ತು ಹತ್ತು ಸಲ ಓದಿ ಸರಾಸರಿ ತೆಗೆಯಲಿ. ಮಳೆಗಾಲದಲ್ಲಿ ಮತ್ತೆ ಓದಲಿ. -50ರಿಂದ -70ಕ್ಕೆ ಇಳಿದರೆ ಶಕ್ತಿ ನೂರರಲ್ಲೊಂದು ಪಾಲಾಯಿತು. ವಿಡಿಯೊ ಪಾಠಕ್ಕೆ -67ರ ಆಸುಪಾಸು ಇರಬೇಕು. -80 ದಾಟಿದರೆ ನೆಚ್ಚುವಂತಿಲ್ಲ. ತಗಡಿನ ಕಣಜ, ಕಬ್ಬಿಣದ ಕಪಾಟು ನಡುವೆ ಬಂದರೆ ಏನಾಗುತ್ತದೆಂದು ಹುಡುಗರು ತಾವೇ ಕಂಡುಕೊಳ್ಳುತ್ತಾರೆ.

ಈ ಅಳತೆ ಕೈಯಲ್ಲಿದ್ದರೆ ಆಯ್ಕೆ ಸುಲಭ. ದಪ್ಪ ಗೋಡೆಯ ಮನೆಯಲ್ಲಿ ಎಂಟು ಆಂಟೆನಾಗಳ ಒಂದು ದುಬಾರಿ ಸಾಧನಕ್ಕಿಂತ, ಕೇಬಲ್ಲಿನಿಂದ ಜೋಡಿಸಿದ ಎರಡು ಸಾಧಾರಣ ಆಕ್ಸೆಸ್ ಪಾಯಿಂಟ್‌ಗಳು ಮೇಲು. ಪಡಸಾಲೆಗೊಂದು, ಒಳಕೋಣೆಗೊಂದು. ಈಥರ್ನೆಟ್ ಕೇಬಲ್ 100 ಮೀಟರುವರೆಗೆ ನಡೆಯುತ್ತದೆ. ಕೇಬಲ್ ಬೇಡವೆಂದು ಕೊಳ್ಳುವ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳಬೇಕು; ವೇಗ ಅರ್ಧವಾಗುತ್ತದೆ. ಕೊಳ್ಳುವಾಗ ಗಿಗಾಬಿಟ್ ಪೋರ್ಟ್ ಇದೆಯೇ, 2018ರಲ್ಲಿ ಬಂದ ಡಬ್ಲ್ಯುಪಿಎ3 ಭದ್ರತೆ ಇದೆಯೇ, ತಯಾರಕರು ಫರ್ಮ್‌ವೇರ್ ಪರಿಷ್ಕರಣೆಯನ್ನು ಎಷ್ಟು ವರ್ಷ ಕೊಡುತ್ತಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅಂಗಡಿಯವರು ಮುಖ ನೋಡಿದರೆ ತಯಾರಕರ ಜಾಲತಾಣದಲ್ಲಿ ಕಳೆದ ಪರಿಷ್ಕರಣೆಯ ತಾರೀಖು ನೋಡಿಕೊಳ್ಳಿ.

ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿರುತ್ತದೆ: ಕೆಲಸದ ಉಷ್ಣತೆ 0ಯಿಂದ 40 ಡಿಗ್ರಿ. ನಮ್ಮ ವಿಜಯಪುರ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಸೂರಿನ ಕೆಳಗೆ, ಮುಚ್ಚಿದ ಕಪಾಟಿನೊಳಗೆ ಇಟ್ಟ ಸಾಧನ ಮಧ್ಯಾಹ್ನ ತಾನಾಗಿಯೇ ನಿಂತು ಸಂಜೆ ಸರಿಹೋದರೆ ದೂರಸಂಪರ್ಕ ಸಂಸ್ಥೆಯನ್ನು ಬೈಯುವ ಮೊದಲು ಅದನ್ನು ಮುಟ್ಟಿ ನೋಡಿ. ಗಾಳಿಯಾಡುವ ಎತ್ತರದ ಜಾಗ ಅದಕ್ಕೆ ಬೇಕು. ಬಹಳಷ್ಟು ಸಾಧನಗಳು 12 ವೋಲ್ಟಿನಲ್ಲಿ ನಡೆಯುತ್ತವೆ. ಒಂದು ಆಂಪಿಯರ್ ಎಳೆದರೂ 12 ವಾಟ್. 7 ಆಂಪಿಯರ್-ಗಂಟೆಯ ಬ್ಯಾಟರಿ ಇರುವ ಪುಟ್ಟ ಯುಪಿಎಸ್ ನಾಲ್ಕೈದು ಗಂಟೆ ಸಾಗಿಸುತ್ತದೆ. ಆದರೆ ಆಕ್ಸೆಸ್ ಪಾಯಿಂಟಿನ ಜೊತೆಗೆ ಫೈಬರ್ ಬಂದು ಸೇರುವ ಪೆಟ್ಟಿಗೆಗೂ ಅದರಿಂದಲೇ ವಿದ್ಯುತ್ತು ಕೊಡಬೇಕು. ಆಗ ಅವಧಿ ಅಷ್ಟರಮಟ್ಟಿಗೆ ಇಳಿಯುತ್ತದೆ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರೊಳಗೆ ಸಿಡಿಲಿನ ವಿದ್ಯುತ್ತು ಹರಿಯದು. ಮನೆಯಿಂದ ಕೊಟ್ಟಿಗೆಗೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ಲಿನಲ್ಲಿ ಹರಿಯುತ್ತದೆ. ಗುಡುಗು ದೂರದಲ್ಲಿ ಶುರುವಾಗುತ್ತಲೇ ಆ ಕೇಬಲ್ಲನ್ನೂ ಅಡಾಪ್ಟರನ್ನೂ ಕಿತ್ತಿಡಿ.