ಹಿಮ ಬಿತ್ತು, ಸರಿ, ಕೆಲಸವೇನು ಮಾಡಿದಿರಿ?

ವಿದೇಶದಲ್ಲಿ ಪತ್ರಿಕೋದ್ಯಮ ಓದಿ ಬಂದ ಹುಡುಗಿಯರ ಅನುಭವ ಕಥನಗಳು ಈಗೀಗ ಪುರವಣಿಗಳಲ್ಲಿ, ಕಾಲೇಜು ಸಂಚಿಕೆಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ನಾನು ಒಂದನ್ನೂ ಬಿಡದೆ ಓದುವವಳು. ಓದಿ ಮುಗಿಸಿದ ಮೇಲೆ ಮಾತ್ರ ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದಂತಾಗುತ್ತದೆ. ವಿಮಾನ ನಿಲ್ದಾಣದ ಕಣ್ಣೀರು, ಮೊದಲ ಹಿಮ, ಬ್ರೆಡ್ಡಿಗೆ ಬೇಸತ್ತ ನಾಲಿಗೆ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ, ಎಲ್ಲವೂ ಇರುತ್ತದೆ. ಪತ್ರಿಕಾ ಕಚೇರಿಯಲ್ಲಿ ತರಬೇತಿ ಪಡೆದೆ ಎಂಬುದು ಮಾತ್ರ ಒಂದೇ ಒಂದು ಸಾಲು. ಕಥೆ ಇರುವುದು ಆ ಸಾಲಿನಲ್ಲೇ ಅಲ್ಲವೇ?

ಬೆರಗು ಪಡಬಾರದೆಂದು ನಾನು ಹೇಳುತ್ತಿಲ್ಲ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕದ ಸೊಗಸು ಹಳ್ಳಿಯ ಹಿರಿಯರೊಬ್ಬರ ಬೆರಗಿನದೇ. ಆದರೆ ಗೊರೂರರು ಅಲ್ಲಿಗೆ ನೆಂಟರಾಗಿ ಹೋದವರು. ಓದಲು ಹೋದವರ ಮಾತು ಬೇರೆ. ಕೃಷ್ಣಾನಂದ ಕಾಮತರು ತಮ್ಮ ಪುಸ್ತಕಕ್ಕೆ 'ನಾನೂ ಅಮೇರಿಕೆಗೆ ಹೋಗಿದ್ದೆ' ಎಂದು ಹೆಸರಿಟ್ಟರು. ಆ 'ನಾನೂ' ಎಂಬ ದೀರ್ಘದಲ್ಲೇ ತಮ್ಮನ್ನು ತಾವು ನಗುವ ಗುಣವಿದೆ. ನಮ್ಮ ಹುಡುಗಿಯರಿಗೆ ಆ ನಗು ಇನ್ನೂ ಬಂದಿಲ್ಲ.

ಹೆಂಗಸರಲ್ಲಿ ನನಗೆ ಮೊದಲು ನೆನಪಾಗುವವರು ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗು ಹತ್ತಿ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳ ಅಳತೆಯ ತರಬೇತಿ ಪಡೆದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಹಣ ಕೊಟ್ಟವರು ಯಾರು, ಅಲ್ಲಿ ಅಳೆದದ್ದೇನು, ಬಂದು ಮಾಡಿದ್ದೇನು, ಎಲ್ಲಕ್ಕೂ ಉತ್ತರವಿದೆ. ಅವರು ತಮ್ಮ ಜೀವನಕಥೆಯನ್ನು ಬರೆದದ್ದು ಇಂಗ್ಲಿಷಿನಲ್ಲಿ ಎಂಬುದೊಂದೇ ನನ್ನ ಕೊರಗು.

ರೇಡಿಯೋ ತರಂಗದ ಬಗ್ಗೆ ಬರೆದರೆ ನಮ್ಮಂಥವರಿಗೆ ಅರ್ಥವಾಗದೆ ಹೋದೀತು. ಪತ್ರಿಕೆಯ ಕೆಲಸಕ್ಕೆ ಆ ನೆಪವೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನ ಸಣ್ಣ ಊರಿನ ಪತ್ರಿಕೆಯಲ್ಲಿ ತರಬೇತಿಗಿದ್ದಾಗ ನನಗೆ ಕಾಗದ ಬರೆಯುತ್ತಿದ್ದಳು. ಅಲ್ಲಿ ಕೋರ್ಟಿನ ಕಲಾಪವನ್ನು ಅನುಮತಿಯಿಲ್ಲದೆ ಧ್ವನಿಮುದ್ರಣ ಮಾಡುವಂತಿಲ್ಲ. 1981ರ ಕಾನೂನೇ ಇದೆ. ಹಾಗಾಗಿ ವರದಿಗಾರರಾಗುವವರು ಇಂದಿಗೂ ಟೀಲೈನ್ ಎಂಬ ಶೀಘ್ರಲಿಪಿ ಕಲಿಯುತ್ತಾರೆ, ಗುರಿ ನಿಮಿಷಕ್ಕೆ 100 ಪದ. ಮಡಿಕೇರಿಯಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತ ನನ್ನ ವಯಸ್ಸಿನವರು ಕೇಳಿದರೆ ಎಷ್ಟು ಹಿಗ್ಗುತ್ತಾರೋ! ಅಂಗಡಿಯಲ್ಲಿ ಮಗುವಿನ ಹಾಲುಪುಡಿ ಕದ್ದ ತಾಯಿಯ ಮೊಕದ್ದಮೆಗೆ ಇವಳನ್ನು ಕಳಿಸಿದರಂತೆ. ನ್ಯಾಯಾಧೀಶರ ಉಚ್ಚಾರ ಅರ್ಧ ತಿಳಿಯಲಿಲ್ಲ. ಗುಮಾಸ್ತೆಯ ಬಳಿ ಹೋಗಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು. ಬರೆದ ಎರಡು ಪುಟ ಅಚ್ಚಿನಲ್ಲಿ ನಾಲ್ಕು ಸಾಲಾಯಿತು. ತಾಯಿ ಅತ್ತದ್ದನ್ನು ಸಂಪಾದಕರು ಹೊಡೆದುಹಾಕಿ, ಶಿಕ್ಷೆ ಎಷ್ಟೆಂದು ಮೊದಲು ಹೇಳು ಎಂದರಂತೆ. ಆ ಕಾಗದವನ್ನು ನಾನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಗಣಿತದ ಮೇಷ್ಟರೂ ಪುಸ್ತಕ ಮುಚ್ಚಿ ಕೇಳಿದರು.

ಊರಿಗೆ ಬಂದ ಮೇಲೆ ಅವಳು ಬರೆದ ಲೇಖನ ಅಚ್ಚಾಯಿತು. ಅದರಲ್ಲಿ ಹಿಮವಿದೆ, ಥೇಮ್ಸ್ ನದಿಯಿದೆ, ಕಾವೇರಿಯ ನೆನಪಿದೆ. ಹಾಲುಪುಡಿಯ ತಾಯಿ ಇಲ್ಲ. ಕೇಳಿದ್ದಕ್ಕೆ, "ಅದನ್ನೆಲ್ಲ ಯಾರು ಓದ್ತಾರೆ ಟೀಚರ್?" ಎಂದಳು. ನಮ್ಮ ಓದುಗರ ಬಗ್ಗೆ ಇಷ್ಟು ಕಡಿಮೆ ಅಂದಾಜೇಕೆ? ಗಂಡನ ಕೈಯಿಂದ ಪೇಪರು ಬಿಡುಗಡೆಯಾದ ಮೇಲೆ ಮೊದಲು ಮೊಕದ್ದಮೆಯ ಸುದ್ದಿ ಹುಡುಕುವವರಲ್ಲವೇ ನಾವು?

ಆ ಲೇಖನವನ್ನು ಕತ್ತರಿಸಿ ಕೈಚೀಲದಲ್ಲಿಟ್ಟುಕೊಂಡು ಪೊನ್ನಂಪೇಟೆ ಕಡೆಯ ತಾಯಿಯೊಬ್ಬರು ನನ್ನಲ್ಲಿಗೆ ಬಂದರು. ಮಗಳು ಅದೇ ಓದು ಓದಬೇಕೆಂದು ಹಟ ಹಿಡಿದಿದ್ದಾಳೆ. "ಟೀಚರೇ, ಸಂಬಳ ಕೊಡ್ತಾರಾ? ಓದ್ತಾ ಓದ್ತಾ ದುಡೀಬಹುದಾ? ಇದರಲ್ಲಿ ಬರೆದೇ ಇಲ್ಲವಲ್ಲ" ಎಂದರು. ಹೂಮಳೆ ಕೈಕೊಟ್ಟರೆ ಆ ವರ್ಷದ ಕಾಫಿಯೇ ಹೋಯಿತು ಎನ್ನುವ ಮನೆಯವರು, ತೋಟದ ಮೇಲೆ ಸಾಲ ಎತ್ತಬೇಕಾದವರು. ಬ್ರಿಟನ್ನಿನಲ್ಲಿ ಪದವಿ ತರಗತಿಗಳ ವಿದೇಶಿ ವಿದ್ಯಾರ್ಥಿಗೆ ಪಾಠದ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ದುಡಿಯಲು ಬಿಡುತ್ತಾರೆ. ಆದರೆ ಸ್ವಂತ ಉದ್ಯೋಗ ಕೂಡದು. ಎಂದರೆ ಪತ್ರಿಕೋದ್ಯಮದ ವಿದ್ಯಾರ್ಥಿನಿ ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಬಳ ಪಡೆಯಬಹುದು, ಹವ್ಯಾಸಿ ಬರಹಗಾರ್ತಿಯಾಗಿ ಪತ್ರಿಕೆಗೆ ಲೇಖನ ಮಾರುವಂತಿಲ್ಲ! ಇದಕ್ಕಿಂತ ಸ್ವಾರಸ್ಯದ ಸಂಗತಿ ಬೇಕೇ? ಅಲ್ಲಿ ಓದಿ ಬಂದವರ ಒಂದು ಬರಹದಲ್ಲೂ ನಾನಿದನ್ನು ಕಂಡಿಲ್ಲ. ಯಾರು, ಏನು, ಎಷ್ಟು, ಏಕೆ ಎಂದು ಕೇಳುವುದನ್ನೇ ವಿದ್ಯೆಯಾಗಿ ಕಲಿತವರು ತಮ್ಮ ವಿಷಯಕ್ಕೆ ಬಂದಾಗ ಆ ನಾಲ್ಕನ್ನೂ ಬಿಟ್ಟುಬಿಡುತ್ತಾರೆ. ಸಾಲದ ಮಾತು ಆಡಿದರೆ ಮನೆತನದ ಮರ್ಯಾದೆ ಹೋದೀತೆಂಬ ಅಳುಕು ಇರಬಹುದು. ಕೊಡಗಿನವಳಾದ ನನಗೆ ಆ ಅಳುಕು ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ.

ನಮ್ಮಲ್ಲಿ ಈ ವಿದ್ಯೆಯ ಬೇರೂ ಸ್ವಲ್ಪ ಹೊರಗಿನದೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಶುರುವಾದ ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿದ ನಾಡಿಗ ಕೃಷ್ಣಮೂರ್ತಿಯವರು ಅಮೆರಿಕದ ಮಿಸ್ಸೂರಿಯಲ್ಲಿ ಓದಿದವರು. 1908ರಲ್ಲಿ ಹುಟ್ಟಿದ ಆ ಶಾಲೆಯಲ್ಲಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳು ಊರಿಗೆಲ್ಲ ಹಂಚುವ ನಿಜವಾದ ಪತ್ರಿಕೆಗೆ ದುಡಿಯುತ್ತ ಬಂದಿದ್ದಾರೆ. ತಪ್ಪಾದರೆ ಮಾರನೆಯ ದಿನ ಅಂಗಡಿಯವನೇ ತಡೆದು ಕೇಳಿಯಾನು. ಅಂಥ ಕಡೆ ಓದಿ ಬಂದವಳ ಬರಹ ಕೈಗೆ ಬಂದಾಗ ನಾನು ಹುಡುಕುವುದು ಆ ಅಂಗಡಿಯವನನ್ನು. ಪೊನ್ನಂಪೇಟೆಯ ತಾಯಿಗೆ ನನ್ನಲ್ಲಿದ್ದ ಹಳೆಯ ಕಾಗದಗಳನ್ನು, ಬರೆದವಳ ಒಪ್ಪಿಗೆ ಪಡೆದು, ಓದಲು ಕೊಟ್ಟೆ. ಇನ್ನೂ ಹಿಂದಿರುಗಿಸಿಲ್ಲ.