ಚಾವಣಿ ಮಡಚುವ ಲಿಂಕನ್

ಅಮೆರಿಕದ ಹಳೆಯ ಕಾರು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿಂಭಾಗದಲ್ಲಿ ಮೀನಿನ ರೆಕ್ಕೆ ಹೊತ್ತ ಕ್ಯಾಡಿಲಾಕ್. 1959ರ ಆ ಗಾಡಿಯನ್ನು ನೋಡಿದರೆ, ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡು ಮದುವೆಮನೆಗೆ ಬಂದ ಹೊಸ ಶ್ರೀಮಂತರ ನೆನಪಾಗುತ್ತದೆ. ನನಗೆ ಅದರ ಮೇಲೆ ಕೋಪವೇನಿಲ್ಲ. ನಗು ಬರುತ್ತದೆ, ಅಷ್ಟೆ. ಎರಡೇ ವರ್ಷಗಳ ಅನಂತರ ಬಂದ ಲಿಂಕನ್ ಕಾಂಟಿನೆಂಟಲ್ ಮಾತ್ರ ನಗಿಸುವುದಿಲ್ಲ. ಅದರ ಮುಂದೆ ನಿಂತರೆ ದನಿ ತಾನಾಗಿ ತಗ್ಗುತ್ತದೆ.

ಇದರ ರೂಪ ಎಲ್‌ವುಡ್ ಎಂಗೆಲ್ ಅವರದು. ಮೊದಲು ಅವರು ಇದನ್ನು ಥಂಡರ್‌ಬರ್ಡ್ ಕಾರಿಗೆಂದು ಮಾಡಿದ್ದರು. ಫೋರ್ಡ್ ಕಂಪನಿಯಲ್ಲಿದ್ದ ರಾಬರ್ಟ್ ಮೆಕ್‌ನಮಾರಾ ಅದನ್ನು ಕಂಡು, ನಾಲ್ಕು ಬಾಗಿಲಿಟ್ಟು ಲಿಂಕನ್ ಮಾಡಿ ಎಂದರು. (ಮುಂದೆ ವಿಯೆಟ್ನಾಂ ಯುದ್ಧದ ರಕ್ಷಣಾ ಸಚಿವರಾದವರು ಇವರೇ. ಒಬ್ಬನೇ ಮನುಷ್ಯನ ಲೆಕ್ಕಪುಸ್ತಕದಲ್ಲಿ ಎಂತೆಂಥ ಪುಟಗಳಿರುತ್ತವೆ!) ಹಿಂದಿನ ಮಾದರಿಗಿಂತ ಕಾರು ಒಂದಡಿಗೂ ಹೆಚ್ಚು ಮೋಟಾಯಿತು. ದೊಡ್ಡದೇ ಶ್ರೇಷ್ಠ ಎಂದು ನಂಬಿದ್ದ ನಾಡಿನಲ್ಲಿ ಇದು ಸಣ್ಣ ಧೈರ್ಯವಲ್ಲ. ಪಕ್ಕೆಗಳಲ್ಲಿ ಅಲಂಕಾರ ಎಂಬುದಿಲ್ಲ. ಮೈಯ ಮೇಲಂಚಿನಲ್ಲಿ, ಮುಂದಿನಿಂದ ಹಿಂದಿನವರೆಗೆ, ತೆಳುವಾದ ಕ್ರೋಮ್ ಗೆರೆಯೊಂದು ಓಡುತ್ತದೆ. ಒಳ್ಳೆಯ ರೇಷ್ಮೆಸೀರೆಗೆ ಸಣ್ಣ ಜರಿಯಂಚು ಇಟ್ಟ ಹಾಗೆ.

ಹಿಂದಿನ ಬಾಗಿಲುಗಳ ತಿರುಗಣಿ ಹಿಂಬದಿಗಿದೆ. ಚೆಲುವಿಗಾಗಿ ಹೀಗೆ ಮಾಡಿದರೆಂದು ಅನೇಕರು ತಿಳಿದಿದ್ದಾರೆ. ಹೇಳುವ ಕತೆ ಬೇರೆ: ಮಾದರಿಯಲ್ಲಿ ಕೂತು ಇಳಿಯುವಾಗ ಎಂಜಿನಿಯರುಗಳ ಕಾಲು ಬಾಗಿಲಿಗೆ ತಗುಲುತ್ತಿತ್ತಂತೆ, ಅದಕ್ಕೇ ಬಾಗಿಲನ್ನು ತಿರುಗಿಸಿದರಂತೆ. ಅದೇನೇ ಇರಲಿ, ಮುಂದಿನ ಬಾಗಿಲನ್ನೂ ಹಿಂದಿನದನ್ನೂ ಒಟ್ಟಿಗೆ ತೆರೆದರೆ ಬೀರುವಿನ ಎರಡು ಕದ ತೆಗೆದಂತೆ ಕಾಣುತ್ತದೆ.

ಇಷ್ಟು ಹೊಗಳಿದ್ದು ಸಾಮಾನ್ಯ ಸೆಡಾನಿಗೂ ಸಲ್ಲುತ್ತದೆ. ಜನ ಕಾಸು ಸುರಿದು ಹುಡುಕುವುದು ಕನ್ವರ್ಟಿಬಲ್ ಅನ್ನು. 1961ರಲ್ಲಿ ಅದರ ಬೆಲೆ 6,713 ಡಾಲರ್. ಆ ವರ್ಷ ತಯಾರಾದದ್ದು 2,857 ಮಾತ್ರ. ನಾಲ್ಕು ಬಾಗಿಲಿನ ಕನ್ವರ್ಟಿಬಲ್ ಅನ್ನು ಆಗ ಅಮೆರಿಕದಲ್ಲಿ ಬೇರಾರೂ ಮಾಡುತ್ತಿರಲಿಲ್ಲ. ನನ್ನ ತಕರಾರು ಶುರುವಾಗುವುದೂ ಇಲ್ಲಿಯೇ.

ಗುಂಡಿ ಒತ್ತಿದರೆ ಏನಾಗುತ್ತದೆ ನೋಡಿ. ಡಿಕ್ಕಿಯ ಮುಚ್ಚಳದ ಬೀಗ ಬಿಚ್ಚಿಕೊಳ್ಳುತ್ತದೆ. ಮುಚ್ಚಳ ನಮ್ಮ ಕಾರುಗಳಂತೆ ಏಳದೆ ಹಿಂದಕ್ಕೆ ವಾಲಿ, ಮೊಸಳೆ ಬಾಯಿ ತೆರೆದಂತೆ ನಿಲ್ಲುತ್ತದೆ. ಬಟ್ಟೆಯ ಚಾವಣಿ ಮುಂಗಾಜಿನ ಚೌಕಟ್ಟಿನಿಂದ ಕಳಚಿಕೊಂಡು, ಮಡಚಿ, ಒಳಗಿಳಿಯುತ್ತದೆ. ಮುಚ್ಚಳ ಮತ್ತೆ ಮುಚ್ಚಿ ಬೀಗ ಬೀಳುತ್ತದೆ. ಹೊರಗೆ ಚಾವಣಿಯ ಕುರುಹೂ ಇಲ್ಲ. ಕೈ ಹಚ್ಚುವವರು ಬೇಡ. ಹಾಲೆಯನ್ನು ಕಟ್ಟಿ ಹೊದಿಸುವ ಕೆಲಸವಿಲ್ಲ. ಮೊದಲ ಸಲ ನೋಡುವವನು ಬಾಯಿ ಬಿಟ್ಟುಕೊಂಡೇ ನೋಡಬೇಕು.

ಈ ಯಕ್ಷಿಣಿಯ ಹಿಂದೆ ವಿದ್ಯುತ್ ಮೋಟಾರುಗಳು, ಹೈಡ್ರಾಲಿಕ್ ಪಂಪು, ಒಂದಷ್ಟು ರಿಲೇಗಳು, ಲಿಮಿಟ್ ಸ್ವಿಚ್ಚುಗಳು ಇವೆ. ಒಂದು ಹೆಜ್ಜೆ ಮುಗಿಯಿತೆಂದು ಒಂದು ಸ್ವಿಚ್ಚು ಸಾಕ್ಷಿ ಹೇಳಿದ ಮೇಲೆಯೇ ಮುಂದಿನ ಹೆಜ್ಜೆ. ಸಾಕ್ಷಿ ಒಬ್ಬ ತಪ್ಪಿಸಿಕೊಂಡರೂ ವಿಚಾರಣೆ ಅಲ್ಲಿಗೇ ನಿಂತಿತು. ಮುಚ್ಚಳ ಆಕಾಶ ನೋಡುತ್ತ ನಿಂತರೆ ಚಾಲಕನಿಗೆ ಹಿಂದಿನ ರಸ್ತೆಯೂ ಕಾಣದು, ಅಷ್ಟರಲ್ಲಿ ಮಳೆ ಬಂದರೆ ಕೇಳುವುದೇ ಬೇಡ. ಚೆನ್ನಾಗಿ ನೋಡಿಕೊಂಡರೆ ಕೈಕೊಡುವುದಿಲ್ಲ ಎಂದು ಇಟ್ಟುಕೊಂಡವರು ವಾದಿಸುತ್ತಾರೆ. ನಿಜವೇ ಇರಬೇಕು. ಆನೆ ಸಾಕಿದವರೂ ಹಾಗೆಯೇ ಹೇಳುತ್ತಾರೆ.

ಚಾವಣಿ ಒಳಗಿಳಿದ ಮೇಲೆ ಡಿಕ್ಕಿಯಲ್ಲಿ ಒಂದೆರಡು ಕೈಚೀಲಕ್ಕೆ ಜಾಗ ಸಿಕ್ಕರೆ ಹೆಚ್ಚು. ಐದೂವರೆ ಮೀಟರಿಗೆ ಹತ್ತಿರದ ಕಾರಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಬೇಕು! ತೂಕ 2,300 ಕೆ.ಜಿ.ಗೂ ಮೇಲೆ, ಅಂದರೆ ಎರಡು ಅಂಬಾಸಡರ್. ಏಳು ಲೀಟರಿನ ಎಂಜಿನ್ನು ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ಇಷ್ಟು ಭಾರವನ್ನು ನಿಲ್ಲಿಸಲು ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದದ್ದು 1965ರಲ್ಲಿ. ಹಿಂದಿನ ಸೀಟು ಇಕ್ಕಟ್ಟೆಂದು ದೂರು ಬಂದು 1964ರಲ್ಲಿ ಚಕ್ರಗಳ ನಡುವಿನ ಅಂತರವನ್ನು ಮೂರಂಗುಲ ಹಿಗ್ಗಿಸಿದರು. ಆ ಮೂರಂಗುಲದಲ್ಲಿ ಮೂಲದ ಹದ ಸ್ವಲ್ಪ ಸಡಿಲಿತೆಂದು ನನ್ನ ಭಾವನೆ.

ಕೆಲಸಗಾರಿಕೆಯಲ್ಲಿ ಮಾತ್ರ ಹುಳುಕು ಹುಡುಕಲಾರೆ. ಪ್ರತಿ ಎಂಜಿನ್ನನ್ನೂ ಮೂರು ಗಂಟೆ ಓಡಿಸಿ, ಬಿಚ್ಚಿ ನೋಡಿ, ಮತ್ತೆ ಜೋಡಿಸುತ್ತಿದ್ದರು. ಪ್ರತಿ ಕಾರೂ ಹನ್ನೆರಡು ಮೈಲಿ ರಸ್ತೆಯಲ್ಲಿ ಓಡಿದ ಮೇಲೆಯೇ ಗಿರಾಕಿಗೆ. ಅಂಥ ಶ್ರದ್ಧೆಗೆ ತಲೆಬಾಗುತ್ತೇನೆ. ಆದರೆ ಹೊರಗೆ ಸನ್ಯಾಸ ತೊಟ್ಟ ಈ ಕಾರಿನ ಒಳಗೆ ಎಂಥ ದೊಡ್ಡ ಸಂಸಾರ! ರೂಪದಲ್ಲಿ ಎಂಗೆಲ್ ಬಿಟ್ಟುಕೊಟ್ಟದ್ದನ್ನೆಲ್ಲ ಚಾವಣಿಯವರು ಡಿಕ್ಕಿಯೊಳಗೆ ತುಂಬಿದರು.

ಹಾಗಾದರೆ ಜನ ಮರುಳಾದದ್ದು ಯಾತಕ್ಕೆ? ಕಾಣಿಸಿಕೊಳ್ಳುವ ಸುಖಕ್ಕೆ ಎಂದು ತೋರುತ್ತದೆ. ಅಧ್ಯಕ್ಷ ಕೆನಡಿಯವರಿಗೆಂದು 1961ರ ಇಂಥದೇ ಕಾರನ್ನು ಸುಮಾರು ಮೂರೂವರೆ ಅಡಿ ಉದ್ದ ಮಾಡಿದರು. ಹಿಂದಿನ ಆಸನವನ್ನು ಹತ್ತಂಗುಲ ಎತ್ತುವ ಯಂತ್ರ ಇಟ್ಟರು, ಜನರಿಗೆ ಚೆನ್ನಾಗಿ ಕಾಣಲಿ ಎಂದು. ಅದರ ಚಾವಣಿ ಬಿಡಿ ಹಲಗೆಗಳದು. ಪಾರದರ್ಶಕವಾದದ್ದೂ ಒಂದಿತ್ತು, ಗುಂಡು ತಡೆಯುವಂಥದಲ್ಲ. 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಬೆಳಗಿನ ಮಳೆ ನಿಂತು ಬಿಸಿಲು ಬಂತು, ಚಾವಣಿ ಹಾಕಲಿಲ್ಲ. ಆ ಕಾರನ್ನು ಗುಜರಿಗೆ ಹಾಕಲಿಲ್ಲ. ಉಕ್ಕಿನ ರಕ್ಷೆ, ಕಳಚಲಾಗದ ಚಾವಣಿ ಕೂರಿಸಿ 1977ರವರೆಗೆ ಬೇರೆ ಅಧ್ಯಕ್ಷರಿಗೆ ದುಡಿಸಿದರು. ಈಗ ಅದು ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ.

ಮಾರಾಟದ ಕನ್ವರ್ಟಿಬಲ್ 1967ಕ್ಕೆ ನಿಂತಿತು. ಕೊನೆಯ ವರ್ಷ 2,276 ಕಾರು. ಯಾರಾದರೂ ಒಂದನ್ನು ಪುಕ್ಕಟೆ ಕೊಡುತ್ತೇನೆ ಎಂದರೆ ನಾನು 1961ರ ಸೆಡಾನನ್ನೇ ಕೇಳುತ್ತೇನೆ. ಅದೇ ಗೆರೆ, ಅದೇ ಬಾಗಿಲು. ಡಿಕ್ಕಿಯಲ್ಲಿ ಪೆಟ್ಟಿಗೆಗೆ ಜಾಗ. ಆದರೂ, ಕೊಡುವ ಮೊದಲು ಆ ಗುಂಡಿಯನ್ನು ಒಂದು ಸಲ ಒತ್ತಲು ಬಿಡಿ ಎನ್ನುತ್ತೇನೆ.