ಎಷ್ಟು ರ‍್ಯಾಮ್ ಹಿಡಿದೀತು?

ಲ್ಯಾಪ್‌ಟಾಪಿನ ಮೆಮೊರಿ ಹೆಚ್ಚಿಸುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಮಾಡಬೇಕಾದ ಲೆಕ್ಕಾಚಾರ ಮಾತ್ರ ಹತ್ತು ನಿಮಿಷದ್ದಲ್ಲ. ಯಂತ್ರ ಯಾವ ತಲೆಮಾರಿನದು, ಅದರ ಬೋರ್ಡು ಎಷ್ಟನ್ನು ಗುರುತಿಸುತ್ತದೆ, ಮೇಲಿರುವ ಆಪರೇಟಿಂಗ್ ಸಿಸ್ಟಂ ಎಷ್ಟನ್ನು ಬಳಸಿಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಅಂಗಡಿಗೆ ಹೋದವರು ಒಂದೋ ಹೊಂದದ ರ‍್ಯಾಮ್ ತರುತ್ತಾರೆ, ಇಲ್ಲವೇ ಹೊಂದಿಯೂ ಉಪಯೋಗಕ್ಕೆ ಬಾರದ್ದನ್ನು ತರುತ್ತಾರೆ. ಎರಡನೆಯದು ಹೆಚ್ಚು ಬೇಸರದ್ದು, ಏಕೆಂದರೆ ಅದು ಗೊತ್ತಾಗುವುದು ತಡವಾಗಿ.

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಸೀಮೆಯ ಮನೆಗಳಲ್ಲಿ ಇಂಥ ಪ್ರಶ್ನೆ ಎಬ್ಬಿಸುವ ಹಳೆಯ ಲ್ಯಾಪ್‌ಟಾಪ್‌ಗಳು ಮುಖ್ಯವಾಗಿ ಎರಡು ದಾರಿಯಿಂದ ಬಂದವು. ಮೊದಲನೆಯದು ಸರ್ಕಾರದ್ದು. ತಮಿಳುನಾಡಿನ ಉಚಿತ ಲ್ಯಾಪ್‌ಟಾಪ್ ಯೋಜನೆಯನ್ನು ಅಂದಿನ ಮುಖ್ಯಮಂತ್ರಿ ಜಯಲಲಿತಾ 2011ರ ಸೆಪ್ಟೆಂಬರ್ 15ರಂದು, ಅಣ್ಣಾದೊರೈ ಹುಟ್ಟಿದ ದಿನ, ತಿರುವಳ್ಳೂರು ಜಿಲ್ಲೆಯಲ್ಲಿ ಆರಂಭಿಸಿದರು. ಖರೀದಿಯ ಹೊಣೆ ರಾಜ್ಯ ಸರ್ಕಾರದ ಎಲ್ಕಾಟ್ ಸಂಸ್ಥೆಯದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಪ್ಲಸ್ ಟು ಮಕ್ಕಳ ಜೊತೆಗೆ ಸರ್ಕಾರಿ ಕಾಲೇಜು, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೂ ಯಂತ್ರ ಸಿಕ್ಕಿತು. ಗಡಿಭಾಗದ ಕನ್ನಡ, ತೆಲುಗು ಮನೆಮಾತಿನ ಮಕ್ಕಳು ಬಹುಮಂದಿ ಮೊದಲ ಸಲ ಕೀಬೋರ್ಡ್ ಮುಟ್ಟಿದ್ದು ಅದರ ಮೇಲೆಯೇ. ಮೊದಲ ಕಂತಿನವುಗಳಲ್ಲಿ ಇದ್ದದ್ದು 2 ಜಿಬಿ ಡಿಡಿಆರ್3 ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಜೊತೆಗೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್. ಮುಂದಿನ ವರ್ಷಗಳಲ್ಲಿ ರ‍್ಯಾಮ್ 4 ಜಿಬಿಗೆ ಏರಿತು.

ಎರಡನೆಯ ದಾರಿ ಬೆಂಗಳೂರಿನದು. ಅಲ್ಲಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಹೊರಹಾಕುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಅತ್ತಿಬೆಲೆ ದಾಟಿ ಈಚೆ ಬರುತ್ತವೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಸಣ್ಣ ವರ್ಕ್‌ಶಾಪುಗಳಲ್ಲಿ ಕ್ಯಾಡ್ ನಕ್ಷೆ ಬರೆಯುವವರಿಗೆ ಇವು ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಎಷ್ಟೋ ಮೇಲು. ರ‍್ಯಾಮ್ ಹೆಚ್ಚಿಸುವ ದೃಷ್ಟಿಯಿಂದಲೂ ಇವೇ ಮೇಲು: ತೆರೆದು ರಿಪೇರಿ ಮಾಡಲೆಂದೇ ಇವನ್ನು ಕಟ್ಟಿರುತ್ತಾರೆ.

ರ‍್ಯಾಮ್ ಕೆಲಸ ಮಾಡುವ ಬಗೆ ಸರಳ. ಐಬಿಎಂನ ರಾಬರ್ಟ್ ಡೆನಾರ್ಡ್ 1960ರ ದಶಕದಲ್ಲಿ ಕಂಡುಹಿಡಿದು 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಅದರ ತಳಹದಿ: ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಈ ಕೆಪಾಸಿಟರು ಸೋರುವ ಗಡಿಗೆ. ಡಿಡಿಆರ್3, ಡಿಡಿಆರ್4 ಕಾಲದ ಚಿಪ್ಪುಗಳಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಿಸಬೇಕು. ಕರೆಂಟ್ ಹೋದೊಡನೆ ಸೇವ್ ಮಾಡದ ಬರಹ ಮಾಯವಾಗುವುದು ಇದರಿಂದ. ಪ್ರತಿಫಲವಾಗಿ ಸಿಗುವುದು ವೇಗ. ರ‍್ಯಾಮಿನಿಂದ ಒಂದು ಮಾಹಿತಿ ತರಲು ನೂರು ನ್ಯಾನೊಸೆಕೆಂಡಿನ ಆಸುಪಾಸು ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಹತ್ತು ಮಿಲಿಸೆಕೆಂಡಿನಷ್ಟು ಬೇಕು. ಅಂತರ ಲಕ್ಷ ಪಟ್ಟು. ರ‍್ಯಾಮ್ ತುಂಬಿ ತುಳುಕಿದಾಗ ಯಂತ್ರ ಹೆಚ್ಚಿನದನ್ನು ಡಿಸ್ಕಿಗೆ ತಳ್ಳಿ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಬ್ರೌಸರಿನಲ್ಲಿ ಐದಾರು ಟ್ಯಾಬ್ ತೆರೆದೊಡನೆ ಮೌಸಿನ ಬಾಣವೂ ಅಲುಗದೆ ನಿಂತು, ಡಿಸ್ಕಿನ ದೀಪ ಒಂದೇ ಸಮನೆ ಉರಿಯುವುದು ಆಗಲೇ.

ಹಾಗೆಂದು ನಿಧಾನವಾದ ಯಂತ್ರಕ್ಕೆಲ್ಲ ರ‍್ಯಾಮ್ ಮದ್ದಲ್ಲ. ದಿನದ ಕೆಲಸವನ್ನೆಲ್ಲ ತೆರೆದಿಟ್ಟು ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಬಳಕೆ ನೋಡಬೇಕು. ಲಿನಕ್ಸಿನಲ್ಲಾದರೆ 'ಫ್ರೀ' ಎಂಬ ಆಜ್ಞೆ ಇದೆ. ಶೇ 85–90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಬೇಕು. ಶೇ 60ರಲ್ಲಿದ್ದೂ ಯಂತ್ರ ತೆವಳುತ್ತಿದ್ದರೆ ತಪ್ಪು ಹೆಚ್ಚಾಗಿ ಹಾರ್ಡ್ ಡಿಸ್ಕಿನದು, ಆ ಹಣ ಎಸ್‌ಎಸ್‌ಡಿಗೆ ಹೋಗಬೇಕು. ಅಂಗಡಿಯವರು ಎರಡನ್ನೂ ಒಟ್ಟಿಗೆ ಹಾಕಿಸಿ ಎನ್ನುವುದು ವಾಡಿಕೆ. ಆ ಸಲಹೆ ಹಲವು ಸಲ ಸರಿಯೇ, ಆದರೆ ಯಾವುದು ಮೊದಲು ಎಂಬುದನ್ನು ಈ ಅಂಕಿಯೇ ಹೇಳಬೇಕು.

ಇನ್ನು ತಲೆಮಾರಿನ ಮಾತು. ಲ್ಯಾಪ್‌ಟಾಪಿನ ರ‍್ಯಾಮ್ ತುಂಡಿಗೆ ಸೋಡಿಮ್ ಎಂದು ಹೆಸರು. ಡಿಡಿಆರ್2ರಲ್ಲಿ ಅದಕ್ಕೆ 200 ಕಾಲುಗಳು, ಡಿಡಿಆರ್3ರಲ್ಲಿ 204, ಡಿಡಿಆರ್4ರಲ್ಲಿ 260, ಡಿಡಿಆರ್5ರಲ್ಲಿ 262. ಅಂಚಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಬೇರೆ ತಲೆಮಾರಿನದು ಸ್ಲಾಟಿನೊಳಗೆ ಕೂರುವುದೇ ಇಲ್ಲ. ಎಡವಟ್ಟಾಗುವುದು ಒಂದೇ ತಲೆಮಾರಿನ ಒಳಗೆ. ಡಿಡಿಆರ್3 ಎರಡು ಬಗೆ: 1.5 ವೋಲ್ಟಿನದು, 1.35 ವೋಲ್ಟಿನ ಡಿಡಿಆರ್3ಎಲ್. ಕಾಲುಗಳೂ ಒಂದೇ, ಕಚ್ಚೂ ಒಂದೇ, ಬಣ್ಣವೂ ಹಸಿರೇ. 2013ರಲ್ಲಿ ಬಂದ ಇಂಟೆಲ್ ನಾಲ್ಕನೆಯ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರುಗಳು ಬೇಡುವುದು 1.35 ವೋಲ್ಟಿನದನ್ನು. ಅವಕ್ಕೆ ಹಳೆಯ 1.5 ವೋಲ್ಟಿನ ತುಂಡು ಹಾಕಿದರೆ ಸಲೀಸಾಗಿ ಕೂರುತ್ತದೆ, ಕ್ಲಿಪ್ಪೂ ಟಕ್ಕೆನ್ನುತ್ತದೆ, ಪರದೆ ಮಾತ್ರ ಕಪ್ಪಗೇ ಉಳಿಯುತ್ತದೆ. ಅದಲುಬದಲಾದರೆ ತೊಂದರೆಯಿಲ್ಲ, ಏಕೆಂದರೆ ಡಿಡಿಆರ್3ಎಲ್ 1.5 ವೋಲ್ಟಿನಲ್ಲೂ ಓಡುವಂತೆ ರೂಪಿಸಿದ್ದು. ಆದ್ದರಿಂದ ಡಿಡಿಆರ್3 ಕೊಳ್ಳುವವರು ಕಣ್ಣು ಮುಚ್ಚಿ 'ಎಲ್' ಇರುವುದನ್ನೇ ಕೇಳಬಹುದು.

ಇದನ್ನೆಲ್ಲ ಹೇಳುವುದು ತುಂಡಿನ ಮೇಲಿನ ಚೀಟಿ. '4ಜಿಬಿ 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್' ಎಂದಿದ್ದರೆ ಗಾತ್ರ 4 ಜಿಬಿ. ಪಿಸಿ3 ಎಂದರೆ ಡಿಡಿಆರ್3. ಎಲ್ ಕಡಿಮೆ ವೋಲ್ಟಿನ ಗುರುತು. 12800 ಎಂಬುದು ಸೆಕೆಂಡಿಗೆ ಹರಿಯುವ ಮೆಗಾಬೈಟುಗಳು, ತುಂಡಿನ ವೇಗವಾದ 1600ನ್ನು ಎಂಟರಿಂದ ಗುಣಿಸಿದಾಗ ಬರುವ ಅಂಕಿ. ಕೊನೆಯ ಎಸ್ ಲ್ಯಾಪ್‌ಟಾಪಿನದು ಎಂಬ ಸೂಚನೆ. ಹೆಚ್ಚು ಜನ ನೋಡದೆ ಬಿಡುವುದು ನಡುವಿನ '1ಆರ್‌ಎಕ್ಸ್8' ಎಂಬ ಭಾಗವನ್ನು. ಅಲ್ಲಿ ಎಕ್ಸ್16 ಎಂದಿದ್ದರೆ ತುಂಡಿನ ಮೇಲೆ ಎಂಟರ ಬದಲು ನಾಲ್ಕೇ ಚಿಪ್ಪುಗಳಿರುತ್ತವೆ. ಅಗ್ಗದ ಡಿಡಿಆರ್4 ತುಂಡುಗಳಲ್ಲಿ ಇದು ಸಾಮಾನ್ಯ. ಓಡುತ್ತದೆ, ಎಕ್ಸ್8ಗಿಂತ ಒಂದಿಷ್ಟು ಹಿಂದೆ. ಬೆಲೆ ಒಂದೇ ಆಗಿದ್ದರೆ ಎಂಟು ಚಿಪ್ಪಿನದನ್ನೇ ಆರಿಸಬೇಕು.

ಎರಡನೆಯ ಪ್ರಶ್ನೆ ಯಂತ್ರದ ಮಿತಿಯದು. ಕಿರುಲ್ಯಾಪ್‌ಟಾಪುಗಳಲ್ಲಿದ್ದ ಆಟಮ್ ಎನ್455 ಪ್ರೊಸೆಸರಿನ ಗರಿಷ್ಠ ಮಿತಿ 2 ಜಿಬಿ. ಅದಕ್ಕೆ 4 ಜಿಬಿ ತಂದು ಹಾಕುವುದು ದುಡ್ಡು ದಂಡ. 2010ರ ಮೊದಲ ತಲೆಮಾರಿನ ಕೋರ್ ಐ3 350ಎಂ 8 ಜಿಬಿಯವರೆಗೆ ಹಿಡಿಯುತ್ತದೆ. ಮರುವರ್ಷದ ಐ3 2310ಎಂ 16 ಜಿಬಿ ಹಿಡಿಯುತ್ತದೆ. ಪ್ರೊಸೆಸರಿಗೆ ಒಪ್ಪಿದ್ದನ್ನು ಲ್ಯಾಪ್‌ಟಾಪಿನ ಬಯಾಸ್ (ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ಒಪ್ಪದಿರುವುದೂ ಉಂಟು, ಹಾಗಾಗಿ ಕಡೆಯ ಮಾತು ತಯಾರಕರ ಸರ್ವೀಸ್ ಕೈಪಿಡಿಯದು. ಸ್ಲಾಟು ಎಷ್ಟಿದೆ, ಎಷ್ಟು ತುಂಬಿದೆ ಎಂಬುದು ವಿಂಡೋಸ್ 10, 11ರ ಟಾಸ್ಕ್ ಮ್ಯಾನೇಜರಿನಲ್ಲೇ ಕಾಣುತ್ತದೆ. ಹಳೆಯವಕ್ಕೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು. ಥಿಂಕ್‌ಪ್ಯಾಡ್ ಟಿ440ಎಸ್‌ನಲ್ಲಿ 4 ಜಿಬಿ ಬೋರ್ಡಿಗೇ ಬೆಸುಗೆಯಾಗಿದ್ದು ಒಂದು ಸ್ಲಾಟು ಮಾತ್ರ ಇದೆ, ಆದ್ದರಿಂದ 12 ಜಿಬಿಗೆ ಅದರ ಆಟ ಮುಗಿಯುತ್ತದೆ. ಅದೇ ಮನೆತನದ ಟಿ480ರಲ್ಲಿ ಎರಡು ಡಿಡಿಆರ್4 ಸ್ಲಾಟುಗಳಿವೆ, 32 ಜಿಬಿವರೆಗೆ ದಾರಿ ತೆರೆದಿದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಈ ಒಂದು ವ್ಯತ್ಯಾಸ ಹೊರಗಿನ ಗೀರುಗಳಿಗಿಂತ ಮುಖ್ಯ. ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಎಲ್ಲವೂ ಬೆಸುಗೆಯೇ. ತೆಳುವೂ ಇರಲಿ, ಬದಲಿಸುವಂತೆಯೂ ಇರಲಿ ಎಂದು ರೂಪಿಸಿದ ಕ್ಯಾಮ್2 ಎಂಬ ಚಪ್ಪಟೆ ತುಂಡಿಗೆ 2023ರ ಡಿಸೆಂಬರಿನಲ್ಲಿ ಮೆಮೊರಿ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ ಸಿಕ್ಕಿತು. ಈ ಸೀಮೆಯ ರಿಪೇರಿ ಮೇಜಿನ ಮೇಲೆ ಅದು ಕಾಣಿಸಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾದೀತು.

ಹೆಚ್ಚು ಮರೆಯುವುದು ಮೂರನೆಯ ಪ್ರಶ್ನೆಯನ್ನು. ಸುಮಾರು 2010ರ ಅಗ್ಗದ ಲ್ಯಾಪ್‌ಟಾಪುಗಳ ಜೊತೆ ಬರುತ್ತಿದ್ದ ವಿಂಡೋಸ್ 7 ಸ್ಟಾರ್ಟರ್ 2 ಜಿಬಿಗಿಂತ ಹೆಚ್ಚು ರ‍್ಯಾಮನ್ನು ಬಳಸುವುದೇ ಇಲ್ಲ. ಎಷ್ಟೇ ಹಾಕಿದರೂ ಮೈಕ್ರೋಸಾಫ್ಟ್ ಹಾಕಿದ ಬೇಲಿ ಅಲ್ಲೇ ಇರುತ್ತದೆ. ಉಳಿದ 32 ಬಿಟ್ ವಿಂಡೋಸ್‌ಗಳ ಮಿತಿ 4 ಜಿಬಿ, ಅದರಲ್ಲೂ ಕೈಗೆ ಸಿಗುವುದು ಮೂರು ಮೂರೂವರೆ. ಅದಕ್ಕೂ ಮೀರಿ ಬೇಕೆಂದರೆ 64 ಬಿಟ್ ಸಿಸ್ಟಂ ಹೊಸದಾಗಿ ಹಾಕಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಡಿಡಿಆರ್3 ಕಾಲದ ಯಂತ್ರಕ್ಕೆ ಹಗುರವಾದ ಲಿನಕ್ಸೇ ತಕ್ಕದ್ದು. ಯುನಿಕೋಡ್ ಕನ್ನಡ ಟೈಪಿಂಗ್, ತಮಿಳು ಪಠ್ಯಪುಸ್ತಕದ ಪಿಡಿಎಫ್, ಬ್ರೌಸರ್ ಎಲ್ಲವೂ ಅದರಲ್ಲಿ ನಡೆಯುತ್ತವೆ.

ಗಾತ್ರ ಗೊತ್ತಾದ ಮೇಲೆ ಜೋಡಿಯ ವಿಚಾರ. ಎರಡು ಸ್ಲಾಟಿನಲ್ಲೂ ಒಂದೇ ಗಾತ್ರದ ತುಂಡುಗಳಿದ್ದರೆ ಪ್ರೊಸೆಸರು ಎರಡರಿಂದಲೂ ಏಕಕಾಲಕ್ಕೆ ಮಾಹಿತಿ ಎಳೆಯುತ್ತದೆ. ಲೆಕ್ಕದ ಪುಸ್ತಕ ಬರೆಯುವವರಿಗೆ ಇದರ ಅಂತರ ತಿಳಿಯದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರದ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ ಕ್ಯಾಡ್, ವಿಡಿಯೊ, ಆಟಗಳಲ್ಲಿ ಅಂತರ ಕಣ್ಣಿಗೇ ಕಾಣುತ್ತದೆ, ಎಎಂಡಿ ಯಂತ್ರಗಳಲ್ಲಿ ಇನ್ನೂ ಹೆಚ್ಚು. ವೇಗ ಬೇರೆ ಬೇರೆಯಿದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಅಷ್ಟೇ. ಕಂಪನಿ ಬೇರೆಯಾದರೆ ಯಂತ್ರ ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಕೊಳ್ಳುವ ಜಾಗ ಯಾವುದು? ಹೊಸೂರಿನಿಂದ ನಲವತ್ತು ಕಿಲೋಮೀಟರಿನಲ್ಲಿ ಬೆಂಗಳೂರಿನ ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಇದೆ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ನಡೆದುಹೋಗುವ ದೂರ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಳೆಯ ಡಿಡಿಆರ್3 ತುಂಡುಗಳಿಗೆ ಅಲ್ಲಿನಷ್ಟು ಆಯ್ಕೆ ಬೇರೆ ಕಡೆ ಕಷ್ಟ. ರ‍್ಯಾಮಿನಲ್ಲಿ ಸವೆಯುವ ಭಾಗವಿಲ್ಲ, ಆದ್ದರಿಂದ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ಚಿಪ್ಪಿನ ಬಳಸಿದ ತುಂಡು ಹೆಸರಿಲ್ಲದ ಹೊಸ ತುಂಡಿಗಿಂತ ನಂಬಿಕಸ್ಥ. ಚೀಟಿಯ ಮೇಲಿನ ಪಾರ್ಟ್ ನಂಬರೂ ಸಿಪಿಯು-ಝಡ್ ತೋರಿಸುವ ನಂಬರೂ ತಾಳೆಯಾಗದಿದ್ದರೆ ಚೀಟಿ ಬದಲಾಗಿದೆ ಎಂದು ಅನುಮಾನಿಸಬೇಕು. ಬೆಲೆಯಂತೂ ಈಗ ಹಿಂದಿನಂತಿಲ್ಲ. ಎಐ ಡೇಟಾ ಸೆಂಟರುಗಳ ಹಸಿವಿಗೆ ಕಾರ್ಖಾನೆಗಳು ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ದರ ಮೇಲೆದ್ದಿತು; ಆ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಬೇಕಾದೀತು ಎಂದು ಮುಂಗಡವಾಗಿ ದೊಡ್ಡ ಗಾತ್ರ ಕೊಳ್ಳುವ ಕಾಲ ಇದಲ್ಲ.

ಜೋಡಣೆಗೆ ಬೇಕಾದದ್ದು ಸಣ್ಣ ಸ್ಕ್ರೂಡ್ರೈವರ್, ತಾಳ್ಮೆ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು ಅಥವಾ ಒಳಗಿನದಾದರೆ ಅದರ ಕನೆಕ್ಟರ್ ಬಿಡಿಸಿ, ಪವರ್ ಬಟನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. ಹೊಸೂರು ಸೀಮೆಯಲ್ಲಿ ಜನವರಿಯಿಂದ ಮಾರ್ಚಿನವರೆಗಿನ ಒಣಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ ಕೂಡುವುದು ಬೇಗ. ನೈಲಾನ್ ಬಟ್ಟೆ, ಕಂಬಳಿಯ ಮೇಲೆ ಈ ಕೆಲಸ ಬೇಡ. ಅರ್ತ್ ಆದ ಲೋಹವನ್ನು ಮುಟ್ಟಿಯೇ ರ‍್ಯಾಮ್ ಹಿಡಿಯಬೇಕು, ಅದನ್ನೂ ಅಂಚಿನಲ್ಲಿ. ಕ್ಲಿಪ್ಪುಗಳನ್ನು ಹೊರಗೆ ಸರಿಸಿದರೆ ಹಳೆಯ ತುಂಡು ತಾನೇ ಮೇಲೇಳುತ್ತದೆ. ಹೊಸದನ್ನು ಮೂವತ್ತು ಡಿಗ್ರಿ ಓರೆಯಲ್ಲಿ, ಚಿನ್ನದ ಬಣ್ಣದ ಕಾಲುಗಳು ಹೆಚ್ಚುಕಡಿಮೆ ಕಾಣದಾಗುವವರೆಗೆ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಬೇಕು. ಕೃಷ್ಣಗಿರಿಯ ಗ್ರಾನೈಟ್ ಪಾಲಿಶ್ ಘಟಕಗಳ ಪಕ್ಕದ ಕಚೇರಿಗಳಲ್ಲಿದ್ದ ಯಂತ್ರವಾದರೆ ಸ್ಲಾಟಿನ ಧೂಳನ್ನು ಮೆತ್ತನೆಯ ಬ್ರಶ್ಶಿನಿಂದ ಮೊದಲು ತೆಗೆಯಬೇಕು. ಕಾಲುಗಳನ್ನು ರಬ್ಬರಿನಿಂದ ಉಜ್ಜುವುದು ಎಲ್ಲ ರಿಪೇರಿ ಅಂಗಡಿಗಳ ಪದ್ಧತಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದಕ್ಕಿಂತ ಒಳ್ಳೆಯದು, ಪುಡಿ ಉಳಿಯುವುದಿಲ್ಲ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗಿದ್ದರೆ ಗಾಬರಿಬೀಳಬಾರದು. ಡಿಡಿಆರ್5 ಯಂತ್ರಗಳು ಹೊಸ ತುಂಡನ್ನು ಅಳೆದು ಹೊಂದಿಸಿಕೊಳ್ಳಲು ಒಂದೆರಡು ನಿಮಿಷ ತೆಗೆದುಕೊಳ್ಳುವುದುಂಟು. ಬೀಪ್ ಸದ್ದು ಬಂದರೆ ತುಂಡು ಸರಿಯಾಗಿ ಕೂತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಬಯಾಸಿನಲ್ಲಿ ಪೂರ್ತಿ ಗಾತ್ರ ಕಂಡ ಮೇಲೆ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86ನ್ನು ಒಂದು ರಾತ್ರಿ ಓಡಲು ಬಿಡಬೇಕು. ಒಂದೇ ಒಂದು ದೋಷ ಕಂಡರೂ ಆ ತುಂಡನ್ನು ಹಿಂದಿರುಗಿಸಬೇಕು. ಕೆಟ್ಟ ರ‍್ಯಾಮ್ ಯಂತ್ರವನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಫೈಲುಗಳನ್ನು ಸದ್ದಿಲ್ಲದೆ ಹಾಳುಮಾಡುತ್ತದೆ. ಹಿಂದಿರುಗಿಸುವ ಸಂದರ್ಭ ಬರಬಹುದಾದ್ದರಿಂದಲೇ ಬಿಲ್ಲಿಲ್ಲದ ಖರೀದಿ ಬೇಡ.

ಇಷ್ಟರ ಮೇಲೂ ಎಷ್ಟು ಹಾಕಬೇಕು ಎಂದರೆ: 2011ರ ಕಾಲದ 2 ಜಿಬಿ ಯಂತ್ರಕ್ಕೆ ಒಟ್ಟು 4 ಜಿಬಿ ಮತ್ತು ಲಿನಕ್ಸ್, ಅದಕ್ಕಿಂತ ಹೆಚ್ಚು ಖರ್ಚು ಆ ಪ್ರೊಸೆಸರಿಗೆ ಸಲ್ಲದು. 4 ಜಿಬಿಯ ಡಿಡಿಆರ್4 ಯಂತ್ರಕ್ಕೆ 8 ಜಿಬಿ ಮಾಡಿದರೆ ಓದು ಬರಹ, ಆನ್‌ಲೈನ್ ಪಾಠಕ್ಕೆ ಇನ್ನೂ ನಾಲ್ಕೈದು ವರ್ಷ ನಡೆದೀತು. ಕ್ಯಾಡ್ ಬಳಸುವ ವರ್ಕ್‌ಶಾಪಿಗೆ 16. ತೆಗೆದ ಹಳೆಯ ತುಂಡನ್ನು ಕೂಡಲೇ ಮಾರಬೇಡಿ: ಹೊಸದರ ಮೇಲೆ ಅನುಮಾನ ಬಂದ ದಿನ ತಪ್ಪು ಯಾವುದರದೆಂದು ತೋರಿಸಿಕೊಡುವುದು ಅದೇ.